ಕಂಪ್ಯೂಟರ್ ತಗೋಳಲ್ಲ

‘ಶುಭಾಕ್ಷರ’ದ ಐದನೆಯ ಆವೃತ್ತಿಯ ಯೋಜನೆ ಶುರುವಾದದ್ದು ಫ್ಯಾನ್ ನಿಲ್ಲಿಸುವುದರಿಂದ. ಏಪ್ರಿಲ್ ತಿಂಗಳು. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಒಂದನೇ ಮಹಡಿ, ಕೆಳಗೆ ಬೇಕರಿ, ಸರಿಯಾಗಿ ಅದರ ಓವನ್ನಿನ ಮೇಲೆ ಇವರ ಮೀಟಿಂಗ್ ಕೋಣೆ. ಆದರೂ ಫ್ಯಾನ್ ಹಾಕುವಂತಿರಲಿಲ್ಲ. ಹಾಕಿದರೆ ಶ್ರೀಕರ್ ಗೋಡೆಗೆ ಅಂಟಿಸಿದ ಹಳದಿ ಚೀಟಿಗಳೆಲ್ಲ ಉದುರಿ, ಕಂಪನಿಯ ಮುಂದಿನ ಐದು ವರ್ಷ ನೆಲದ ಮೇಲೆ ಬಿದ್ದಿರುತ್ತಿತ್ತು.

ಶ್ರೀಕರ್ ಕೆಲಸಕ್ಕೆ ಸೇರಿ ಎರಡೇ ತಿಂಗಳು. ವಯಸ್ಸು ಇಪ್ಪತ್ತೊಂಬತ್ತು. ಹಿಂದೆ ಯಾವುದೋ ದೊಡ್ಡ ಕಂಪನಿಯಲ್ಲಿ ಮನೆಗೆ ಊಟ ತರಿಸುವ ಆ್ಯಪ್ ನೋಡಿಕೊಳ್ಳುತ್ತಿದ್ದವನು. ಇಪ್ಪತ್ತು ವರ್ಷ ಹಳೆಯದಾದ ಸಾಫ್ಟ್‌ವೇರಿಗೆ ಇವನಾದರೂ ಜೀವ ತುಂಬಲಿ ಎಂದು ಮಾಲೀಕ ಚಿದಾನಂದ್ ಕರೆತಂದಿದ್ದರು. ಬಂದವನು ಮೊದಲ ದಿನವೇ ಗೋಡೆಯನ್ನು ಇಬ್ಭಾಗ ಮಾಡಿದ. ಎಡಗಡೆ ‘ಉಳಿಯಬೇಕು’, ಬಲಗಡೆ ‘ಹೋಗಬೇಕು’. ಎಡಗಡೆ ಮೂರು ಚೀಟಿ. ಬಲಗಡೆಯವು ಜಾಗ ಸಾಲದೆ ಕಿಟಕಿಯ ಗಾಜಿನವರೆಗೂ ಹಬ್ಬಿದ್ದವು.

ಶುಭಾಕ್ಷರ ಎಂದರೆ ಮದುವೆ ಪತ್ರಿಕೆ ತಯಾರಿಸುವ ಸಾಫ್ಟ್‌ವೇರ್. ರಾಜ್ಯದ ಒಂಬೈನೂರು ಚಿಲ್ಲರೆ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಅದು ಠಿಕಾಣಿ ಹೂಡಿದೆ. ವಧು, ವರ, ಮುಹೂರ್ತ, ಛತ್ರ ಇಷ್ಟು ತುಂಬಿದರೆ ಮಿಕ್ಕಿದ್ದನ್ನು ತಾನೇ ಬರೆದುಕೊಳ್ಳುತ್ತದೆ. ತೆರೆದ ಕೂಡಲೇ ನಾದಸ್ವರ ಊದುತ್ತದೆ. ಅದನ್ನು ನಿಲ್ಲಿಸುವ ಬಟನ್ ಇಲ್ಲ. ಮೊದಲ ದಿನ ಹೆಡ್‌ಫೋನ್ ಹಾಕಿಕೊಂಡು ಅದನ್ನು ತೆರೆದ ಶ್ರೀಕರ್ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದ.

ಇಂಥ ಸಾಫ್ಟ್‌ವೇರಿನ ಪರವಾಗಿ ಹದಿನೆಂಟು ವರ್ಷದಿಂದ ಫೋನ್ ಎತ್ತುತ್ತಿದ್ದವರು ಜಯಶೀಲಾ. ಬನಶಂಕರಿ ಎರಡನೇ ಹಂತದಿಂದ ಬಸ್ಸಿನಲ್ಲಿ ಬಂದು, ಒಂಬತ್ತೂವರೆಗೆ ಕುರ್ಚಿಯಲ್ಲಿ ಕೂತರೆ, ಬೀದರಿನಿಂದ ಚಾಮರಾಜನಗರದವರೆಗಿನ ಪ್ರೆಸ್ಸಿನವರ ಗೋಳೆಲ್ಲ ಅವರ ಕಿವಿಗೆ. ಒಬ್ಬರಿಗೆ ಒತ್ತಕ್ಷರ ಬರುತ್ತಿಲ್ಲ, ಇನ್ನೊಬ್ಬರಿಗೆ ಗಣಪತಿ ತಲೆಕೆಳಗಾಗಿದ್ದಾನೆ. ದಾವಣಗೆರೆಯ ಒಬ್ಬರು ಬದುಕಿರುವ ಅಜ್ಜನ ಹೆಸರಿನ ಪಕ್ಕ ‘ದಿ||’ ಟಿಕ್ ಮಾಡಿ ಐನೂರು ಕಾರ್ಡು ಅಚ್ಚು ಹಾಕಿಬಿಟ್ಟಿದ್ದರು. ದಿವಂಗತರು ಊರುಗೋಲು ಹಿಡಿದು ಖುದ್ದಾಗಿ ಅಂಗಡಿಗೆ ಬಂದಿದ್ದರಂತೆ.

ಆದರೆ ಜಯಶೀಲಾ ಅವರನ್ನು ಒಂಬೈನೂರು ಪ್ರೆಸ್ಸುಗಳಲ್ಲಿ ಹೆಸರುವಾಸಿ ಮಾಡಿದ್ದು ಒಂದೇ ಒಂದು ಮಾತು. ಪತ್ರಿಕೆಯ ಕೊನೆಯಲ್ಲಿ ‘ತಮ್ಮ ಸುಖಾಗಮನ ಬಯಸುವವರು’ ಎಂದು ಬಂಧುಗಳ ಪಟ್ಟಿ ಬರುತ್ತದಲ್ಲ, ಅದರಲ್ಲಿ ಹನ್ನೆರಡು ಹೆಸರಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಹದಿಮೂರನೆಯದು ತುಂಬಿದರೆ ಶುಭಾಕ್ಷರ ಅದನ್ನು ನುಂಗಿ ‘ಮತ್ತು ಬಂಧುಮಿತ್ರರು’ ಎಂದು ಮುಗಿಸಿಬಿಡುತ್ತಿತ್ತು. ಜಯಶೀಲಾ ಸೇರಿದ ಹೊಸತರಲ್ಲಿ ಒಬ್ಬ ಪ್ರೆಸ್ಸಿನವರು ಅಳುವ ಧ್ವನಿಯಲ್ಲಿ ಫೋನ್ ಮಾಡಿದರು. ಅಂಗಡಿಯಲ್ಲೇ ಚಿಕ್ಕಪ್ಪ ದೊಡ್ಡಪ್ಪಂದಿರ ನಡುವೆ ಹೆಸರಿನ ಜಗಳ ಕೊರಳಪಟ್ಟಿ ಹಿಡಿಯುವ ಹಂತಕ್ಕೆ ಬಂದಿತ್ತು. ಜಯಶೀಲಾ ಸುಮ್ಮನೆ ಹೇಳಿದರು: “ಕಂಪ್ಯೂಟರ್ ತಗೋಳಲ್ಲ ಅಂದ್ಬಿಡಿ ಸಾರ್.” ಅವರು ಅಂದರು. ಜಗಳ ನಿಂತೇ ಹೋಯಿತು. ಪ್ರೆಸ್ಸಿನವನು ಆಗಲ್ಲ ಎಂದಿದ್ದರೆ ಅವನ ಮೇಲೇ ಬೀಳುತ್ತಿದ್ದವರು, ಕಂಪ್ಯೂಟರ್ ಆಗಲ್ಲ ಎಂದದ್ದಕ್ಕೆ ತಲೆಯಾಡಿಸಿ ಎದ್ದು ಹೋದರು. ಅಂದಿನಿಂದ ಅದು ರಾಜ್ಯದ ಪ್ರೆಸ್ಸುಗಳಿಗೆಲ್ಲ ಮಂತ್ರವಾಯಿತು.

ಈಗ ಆ ಮಂತ್ರ ಜಯಶೀಲಾ ಅವರ ಕೊರಳಿಗೇ ಸುತ್ತಿಕೊಂಡಿತ್ತು. ಮಗಳು ಲಿಖಿತಾಳ ಮದುವೆ ಜೂನಿನಲ್ಲಿ. ಪತ್ರಿಕೆ ಅಚ್ಚಾಗಬೇಕು. ಪತ್ರಿಕೆಯ ಮೊದಲ ಸಾಲು ಎಲ್ಲರಿಗೂ ಗೊತ್ತಿರುವುದೇ: ಶ್ರೀಮತಿ ಇಂಥವರು ಮತ್ತು ಶ್ರೀ ಇಂಥವರು ಮಾಡುವ ವಿಜ್ಞಾಪನೆಗಳು. ಶುಭಾಕ್ಷರದಲ್ಲಿ ಆ ‘ಶ್ರೀ’ಯ ಜಾಗ ಖಾಲಿ ಬಿಡುವ ಹಾಗಿಲ್ಲ. ಅಪ್ಪನಿಗೆ ಎರಡೇ ಅವಸ್ಥೆ. ಇದ್ದರೆ ಶ್ರೀ, ಇಲ್ಲದಿದ್ದರೆ ದಿ||.

ಜಯಶೀಲಾ ಅವರ ಗಂಡ ಸೋಮನಾಥ್ ಈ ಎರಡರಲ್ಲಿ ಯಾವುದಕ್ಕೂ ಸೇರಿದವರಲ್ಲ. ಒಂಬತ್ತು ವರ್ಷದ ಹಿಂದೆ ಒಂದು ಭಾನುವಾರ, ಸೂಟ್‌ಕೇಸ್ ಹಿಡಿದು, ಹೊಸಕೆರೆಹಳ್ಳಿಯ ಇನ್ನೊಬ್ಬರ ಮನೆ ಸೇರಿಕೊಂಡವರು ಇವತ್ತಿಗೂ ಅಲ್ಲೇ ಗುಂಡುಕಲ್ಲಿನ ಹಾಗಿದ್ದಾರೆ. ಹೋಗುವಾಗ ಹೊಸ ಮಿಕ್ಸಿಯನ್ನೂ ಒಯ್ದಿದ್ದರು. ಆಮೇಲೆ ಮಗಳ ಫೀಸು, ಜ್ವರ, ಪರೀಕ್ಷೆ, ಹಟ, ಕೆಲಸ, ಕೊನೆಗೆ ಅವಳು ಮೆಚ್ಚಿದ ಹುಡುಗನ ಮನೆಯವರ ಜೊತೆ ಮಾತುಕತೆ, ಎಲ್ಲ ಜಯಶೀಲಾ ಒಬ್ಬರದೇ. ಹಾಗಾಗಿ ಮಗಳ ಪತ್ರಿಕೆಯ ಮೊದಲ ಸಾಲಿನಲ್ಲಿ ತಮ್ಮ ಹೆಸರೊಂದೇ ಇರಬೇಕು ಎಂಬುದು ಅವರ ಆಸೆ. ಬದುಕಿನಲ್ಲಿ ಇಷ್ಟು ಗಟ್ಟಿಯಾಗಿ ಅವರು ಇನ್ನೇನನ್ನೂ ಬಯಸಿರಲಿಲ್ಲ. ಲಿಖಿತಾ ಕೂಡ, “ಅಮ್ಮ, ನಿನ್ ಹೆಸರೊಂದೇ. ಇಲ್ಲಾಂದ್ರೆ ಕಾರ್ಡೇ ಬೇಡ, ವಾಟ್ಸಾಪ್ ಮಾಡಿದ್ರಾಯ್ತು” ಎಂದಿದ್ದಳು.

ಅಡ್ಡ ನಿಂತವರು ಭಾವ, ಅಂದರೆ ಸೋಮನಾಥರ ಅಣ್ಣ ಜಯದೇವಪ್ಪ. ಗಿರಿನಗರದಲ್ಲಿ ಸ್ವಂತ ಮನೆ, ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಿ, ಮಾತೆತ್ತಿದರೆ ಮನೆತನ. “ನೋಡಮ್ಮ, ಸೋಮುದು ಹಾಕು. ಅವನು ಬರದಿದ್ರೂ ಪರ್ವಾಗಿಲ್ಲ, ಹೆಸರು ಬರ್ಲಿ. ಅದು ಬೇಡ ಅಂದ್ರೆ ‘ಶ್ರೀಮತಿ ಸರ್ವಮಂಗಳಾ ಮತ್ತು ಶ್ರೀ ಜಯದೇವಪ್ಪ’ ಅಂತ ನಮ್ದು ಹಾಕು. ಒಂಟಿ ಹೆಂಗಸಿನ ಹೆಸರಲ್ಲಿ ಕಾರ್ಡು ಹಂಚಿದ್ರೆ ಜನ ಏನಂತಾರೆ?” ಎಂದು ವಾರಕ್ಕೆರಡು ಸಲ ಫೋನಿನಲ್ಲಿ ಕೊರೆಯುತ್ತಿದ್ದರು.

ಈ ಸಂಗತಿ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಜಯಶೀಲಾ ನಂಬಿದ್ದರು. ಗಂಡನ ಬಗ್ಗೆ ಯಾರಾದರೂ ಕೇಳಿದರೆ “ಟೂರಲ್ಲಿದಾರೆ” ಎನ್ನುತ್ತಿದ್ದರು. ಒಂಬತ್ತು ವರ್ಷದ ಟೂರು. ಅಷ್ಟರಲ್ಲಿ ಎರಡು ಸಲ ಭೂಮಿ ಸುತ್ತಿ ಬರಬಹುದಿತ್ತು ಎಂದು ಯಾರೂ ಹೇಳಿರಲಿಲ್ಲ. ಐದನೆಯ ಆವೃತ್ತಿಯಲ್ಲಿ ಅಪ್ಪನ ಜಾಗ ಖಾಲಿ ಬಿಡುವ ಸವಲತ್ತು ಕೇಳಬೇಕೆಂದು ಅವರು ಮೀಟಿಂಗಿಗೆ ಬರುವಾಗಲೆಲ್ಲ ನಿಶ್ಚಯಿಸುತ್ತಿದ್ದರು. ಯಾಕೆ ಎಂದು ಕೇಳಿದರೆ ಏನು ಹೇಳುವುದು ಎಂದು ನಾಚಿ ಸುಮ್ಮನಾಗುತ್ತಿದ್ದರು.

ಆ ಸೋಮವಾರ ಶ್ರೀಕರ್ ಹನ್ನೆರಡು ಹೆಸರಿನ ಮಿತಿಯ ಚೀಟಿಯನ್ನು ‘ಹೋಗಬೇಕು’ ಕಡೆಗೆ ಅಂಟಿಸಿದ.

“ಬೇಡಪ್ಪಾ, ಅದು ಇರ್ಲಿ” ಎಂದರು ಜಯಶೀಲಾ, ಸೆರಗಿನಿಂದ ಬೆವರೊರೆಸಿಕೊಳ್ಳುತ್ತ.

“ಮೇಡಂ, ಇದು ಫೀಚರ್ ಅಲ್ಲ, ಬಗ್. ಈ ಕಾಲದಲ್ಲಿ ಹನ್ನೆರಡು ಹೆಸರು ಅಂದ್ರೆ ನಗ್ತಾರೆ.”

“ಯಾರು ನಗ್ತಾರೆ?”

“ಯೂಸರ್ಸು.”

ಚಿದಾನಂದ್ ನಡುವೆ ಬಾಯಿ ಹಾಕಿದರು. ಅರವತ್ತೆರಡು ವರ್ಷದ ಅವರಿಗೆ ಜಗಳ ಬಗೆಹರಿಸುವುದಕ್ಕಿಂತ ನೋಡುವುದರಲ್ಲಿ ಆಸಕ್ತಿ ಜಾಸ್ತಿ. “ಸರಿ, ಒಬ್ಬ ಯೂಸರನ್ನೇ ಕೇಳೋಣ. ನಮ್ಮ ಮಡಿವಾಳದ ಕೈಲಾಸ್‌ಗೆ ಹಾಕಿ ಫೋನು.”

ಕೈಲಾಸ್ ಮಡಿವಾಳ ಮಾರ್ಕೆಟ್ಟಿನ ಹಿಂದೆ ಪ್ರೆಸ್ಸು ಇಟ್ಟವರು, ಶುಭಾಕ್ಷರದ ಮೊದಲ ಗಿರಾಕಿಗಳಲ್ಲಿ ಒಬ್ಬರು. ಲಿಖಿತಾಳ ಪತ್ರಿಕೆಯೂ ಅವರಲ್ಲೇ ಅಚ್ಚಾಗಬೇಕಿತ್ತು. ಆ ಹೊತ್ತಿಗೆ ಅದು ಜಯಶೀಲಾ ಅವರ ತಲೆಗೆ ಹೊಳೆಯಲೇ ಇಲ್ಲ. ಶ್ರೀಕರ್ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟ. ಅತ್ತ ಮಷಿನ್ನಿನ ಗಟಗಟ ಕೇಳಿಸಿತು.

“ಸಾರ್, ಹೊಸ ವರ್ಷನ್‌ನಲ್ಲಿ ಹೆಸರಿಗೆ ಲಿಮಿಟ್ಟೇ ಇರಲ್ಲ! ನೂರು ಹೆಸರು ಬೇಕಾದ್ರೂ ಹಾಕ್ಬಹುದು. ಹೆಂಗಿದೆ ಸಾರ್ ಐಡಿಯಾ?” ಎಂದು ಶ್ರೀಕರ್ ಕೂಗಿದ.

ಮಷಿನ್ ನಿಂತಿತು.

“ಸಾರ್, ನಾನ್ ನಿಮಗೇನ್ ಅನ್ಯಾಯ ಮಾಡಿದೀನಿ?” ಎಂದರು ಕೈಲಾಸ್.

“ಅಂದ್ರೆ?”

“ಮೊನ್ನೆ ಒಂದು ಪಾರ್ಟಿ ಐವತ್ತೆರಡು ಹೆಸರು ತಂದ್ರು. ಅದ್ರಲ್ಲಿ ಇಬ್ಬರು ಇನ್ನೂ ಹುಟ್ಟೇ ಇಲ್ಲ! ಸೊಸೆ ಬಸುರಿ, ಅವಳಿ ಅಂತ ಡಾಕ್ಟ್ರು ಹೇಳಿದಾರಂತೆ, ‘ಚಿ|| ಮತ್ತು ಚಿ||’ ಅಂತ ಹಾಕ್ಕೊಂಡಿರಿ, ಹೆಸರು ಆಮೇಲೆ ಹೇಳ್ತೀವಿ ಅಂದ್ರು. ಕಂಪ್ಯೂಟರ್ ತಗೋಳಲ್ಲ ಅಂದೆ. ಟೀ ಕುಡಿದು ಸುಮ್ನೆ ಹೋದ್ರು. ನಾಳೆಯಿಂದ ಕಂಪ್ಯೂಟರ್ ಎಲ್ಲಾ ತಗೊಳತ್ತೆ ಅಂತ ಗೊತ್ತಾದ್ರೆ ಜನ ಇಲ್ಲೇ ಚಾಪೆ ಹಾಸ್ತಾರೆ ಸಾರ್. ನಾನು ಅಂಗಡಿ ಮುಚ್ಚಿ ಬೋಂಡ ಹಾಕ್ಬೇಕಾಗುತ್ತೆ.”

ಶ್ರೀಕರನ ಮುಖ ಇಳಿಯಿತು. ಜಯಶೀಲಾ ಗೆದ್ದ ಖುಷಿಯಲ್ಲಿ ಹಿಂದಕ್ಕೊರಗಿದರು. ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ.

“ಅದಿರ್ಲಿ, ಜಯಶೀಲಾ ಮೇಡಂ ಇದಾರಾ ಅಲ್ಲಿ?” ಕೈಲಾಸ್ ಧ್ವನಿ ಮತ್ತೆ ಗಟ್ಟಿಯಾಯಿತು. “ಮೇಡಂ, ನಿಮ್ಮ ಮಗಳ ಕಾರ್ಡು ಮಾಡೋಕೆ ಕೂತೆ. ಅಪ್ಪನ ಜಾಗ ಖಾಲಿ ಬಿಡಿ ಅಂತ ಬರೆದಿದೀರ. ಖಾಲಿ ಬಿಟ್ರೆ ಕಂಪ್ಯೂಟರ್ ತಗೋಳಲ್ಲ ಮೇಡಂ, ನೀವೇ ಹೇಳ್ಕೊಟ್ಟಿದ್ದಲ್ವಾ? ಯಜಮಾನ್ರ ಹೆಸರೇನು ಹೇಳಿ. ಇಲ್ಲಾ... ತಪ್ಪು ತಿಳ್ಕೋಬೇಡಿ, ಹೋಗ್ಬಿಟ್ಟಿದಾರಾ? ಹಂಗಿದ್ರೆ ದಿವಂಗತ ಟಿಕ್ ಹಾಕ್ತೀನಿ.”

ಜಯಶೀಲಾ ಫೋನಿನ ಕಡೆ ಕೈಚಾಚಿದರು. ಸ್ಪೀಕರ್ ಆರಿಸುವುದು ಎಲ್ಲಿ ಎಂದು ತಿಳಿಯಲಿಲ್ಲ. ಹದಿನೆಂಟು ವರ್ಷ ಊರಿಗೆಲ್ಲ ಬಟನ್ ತೋರಿಸಿದವರಿಗೆ ಒಂದು ಬಟನ್ ಸಿಗಲಿಲ್ಲ. ಒಳಗೆ ಒಂಬತ್ತು ವರ್ಷದಿಂದ ಕಟ್ಟಿಕೊಂಡಿದ್ದದ್ದು ತಟ್ಟನೆ ಬಾಯಿಗೆ ಬಂತು.

“ಹೋಗಿದಾರೆ. ಕೈಲಾಸಕ್ಕಲ್ಲ, ಹೊಸಕೆರೆಹಳ್ಳಿಗೆ.”

ಅತ್ತ ಫೋನ್ ಸದ್ದಿಲ್ಲದೆ ಕಟ್ಟಾಯಿತು. ಜಯಶೀಲಾ ಅವರಿಗೆ ಅಳು ಬಂತು, ಅದರ ಹಿಂದೆಯೇ ಅವಮಾನ, ಅದರ ಹಿಂದೆ ಸಿಟ್ಟು. ಶ್ರೀಕರ್ ಎದ್ದ. ನೀರು ಕೊಡಬೇಕೋ, ಹೊರಗೆ ಹೋಗಬೇಕೋ ತಿಳಿಯದೆ ಎರಡು ಸಲ ಸುತ್ತಿ, ಕೊನೆಗೆ ಗೋಡೆಯ ಬಳಿ ಹೋಗಿ ಫ್ಯಾನಿನ ಸ್ವಿಚ್ಚು ಹಾಕಿದ. ಎರಡು ತಿಂಗಳ ದುಡಿಮೆ ಒಂದೇ ಸಲಕ್ಕೆ ಗೋಡೆಯಿಂದ ಎದ್ದು ಎಲ್ಲರ ತಲೆಯ ಮೇಲೆ ಅಕ್ಷತೆಯ ಹಾಗೆ ಉದುರಿತು. ಅವನು ಅತ್ತ ತಿರುಗಿಯೂ ನೋಡಲಿಲ್ಲ.

“ಗಾಳಿ ಬರ್ಲಿ ಮೇಡಂ” ಎಂದ.

ಚಿದಾನಂದ್ ಕೆಮ್ಮಿದರು. “ನಂಗೆ ಗೊತ್ತಿತ್ತು ಜಯಶೀಲಾ ಅವರೇ. ಆ ಕೆರೆ ಹತ್ತಿರ ವಾಕಿಂಗ್‌ಗೆ ಹೋಗ್ತೀನಲ್ಲ, ದಿನಾ ಎದುರಿಗೇ ಸಿಗ್ತಾನೆ ಆಸಾಮಿ. ಟೂರು ಮುಗೀತಾ ಅಂತ ಕೇಳೋಣ ಅನ್ಸುತ್ತೆ, ಬಿಡ್ತೀನಿ.”

ಜಯಶೀಲಾ ಅಳುವಿನ ನಡುವೆಯೇ ನಕ್ಕುಬಿಟ್ಟರು. ನಕ್ಕ ಮೇಲೆ ಧೈರ್ಯ ಬಂತು. “ಸಾರ್, ಆ ರೂಲ್ ಯಾಕೆ ಇಟ್ರಿ? ಅಪ್ಪನ ಹೆಸರು ಬೇಕೇ ಬೇಕು ಅಂತ? ಶಾಸ್ತ್ರ ಗೊತ್ತಿರೋರನ್ನ ಕೇಳಿ ಇಟ್ಟಿದ್ರಾ?”

“ಶಾಸ್ತ್ರಾನೂ ಇಲ್ಲ, ಎಂಥದೂ ಇಲ್ಲ.” ಚಿದಾನಂದ್ ತಲೆ ಕೆರೆದುಕೊಂಡರು. “ಅಪ್ಪನ ಜಾಗ ಖಾಲಿ ಬಿಟ್ರೆ ‘ಶ್ರೀಮತಿ ಇಂಥವರು ಮತ್ತು’ ಅಂತ ಆ ‘ಮತ್ತು’ ಒಂದು ನೇತಾಡ್ತಾ ಇತ್ತು. ಅದನ್ನ ತೆಗೆಯೋಕೆ ನಾಲ್ಕು ಸಾಲು ಕೋಡ್ ಬರೀಬೇಕಿತ್ತು. ಸಂಜೆಯಾಗಿತ್ತು, ಹಸಿವಾಗಿತ್ತು, ಮಸಾಲೆ ದೋಸೆ ತಿನ್ನೋಕೆ ಸ್ನೇಹಿತರು ಕೆಳಗೆ ಕಾಯ್ತಿದ್ರು. ಅಪ್ಪನ ಹೆಸರು ಕಡ್ಡಾಯ ಅಂತ ಒಂದೇ ಸಾಲು ಬರೆದು ಎದ್ದು ಹೋದೆ.”

“ಇಪ್ಪತ್ತು ವರ್ಷ ಆಯ್ತಲ್ಲ ಸಾರ್!”

“ಯಾರೂ ಕಂಪ್ಲೇಂಟ್ ಮಾಡ್ಲಿಲ್ಲ.”

ಮಾಡಿದ್ದರು. ಜಯಶೀಲಾ ಅವರಿಗೆ ಒಬ್ಬೊಬ್ಬರೇ ನೆನಪಾದರು. ಶಿರಾದಿಂದ ಮಾತಾಡಿದ್ದ ಒಬ್ಬ ಹೆಂಗಸು, “ನಾನೊಬ್ಬಳೇ ಸಾಕಿದ್ದು ಮೇಡಂ” ಎಂದಿದ್ದಳು. ಅವಳಿಗೂ ಇವರು ಕೊಟ್ಟ ಉತ್ತರ ಅದೇ. ಕಂಪ್ಯೂಟರ್ ತಗೋಳಲ್ಲಮ್ಮ, ನಿಮ್ಮ ಅಣ್ಣನ ಹೆಸರು ಹಾಕಿಬಿಡಿ. ಅಂಥವರನ್ನೆಲ್ಲ ತಾವೇ ಫೋನಿನಲ್ಲೇ ಸಮಾಧಾನ ಮಾಡಿ ಕಳಿಸಿದ್ದರು, ಮಾಲೀಕರವರೆಗೆ ಒಂದು ದೂರೂ ಮುಟ್ಟಿರಲಿಲ್ಲ. ಒಬ್ಬರ ದೋಸೆಯ ಅವಸರವನ್ನು ನಾನು ಹದಿನೆಂಟು ವರ್ಷ ಲೋಕನಿಯಮ ಎಂದು ಸಾರಿದೆನಲ್ಲ ಎಂದು ಅವರಿಗೆ ಮೈಯುರಿಯಿತು. ತಾವೂ ಅಷ್ಟೇ, ಒಂಬತ್ತು ವರ್ಷದಿಂದ ಆ ನೇತಾಡುವ ‘ಮತ್ತು’ವನ್ನು ಹಿಡಿದುಕೊಂಡು, ಅದರ ಮುಂದೆ ಏನಾದರೂ ಇದ್ದಂತೆ ನಟಿಸುತ್ತ ನಿಂತಿದ್ದರು.

ಅವರು ಬಗ್ಗಿ ನೆಲದಿಂದ ಎರಡು ಚೀಟಿ ಎತ್ತಿಕೊಂಡರು. ಒಂದರ ಬೆನ್ನಿಗೆ ‘ಹನ್ನೆರಡು’ ಎಂದು ಬರೆದು ಎಡಗಡೆ ಅಂಟಿಸಿದರು. ಇನ್ನೊಂದರ ಮೇಲೆ ‘ಕಡ್ಡಾಯ ಅಪ್ಪ’ ಎಂದು ಬರೆದು ಬಲಗಡೆ ಒತ್ತಿ ಹಿಡಿದರು. ಫ್ಯಾನ್ ತಿರುಗುತ್ತಿದ್ದರಿಂದ ಕೈ ಬಿಟ್ಟರೆ ಬೀಳುತ್ತಿತ್ತು. ಶ್ರೀಕರ್ ಓಡಿಹೋಗಿ ಸೆಲ್ಲೋಟೇಪ್ ತಂದ.

“ಅಂದ್ಹಾಗೆ ಸಾರ್,” ಟೇಪ್ ಕಚ್ಚಿ ಹರಿಯುತ್ತ ಅವನು ಕೇಳಿದ, “ಹನ್ನೆರಡೇ ಯಾಕೆ?”

“ಮೊದಲ ಕಾರ್ಡು ನನ್ನ ತಂಗಿ ಮದುವೇದು. ಹದಿಮೂರನೆಯವರು ನಮ್ಮ ಸಣ್ಣ ಮಾವ. ಇಸ್ಪೀಟಾಡುವಾಗ ಮೋಸ ಮಾಡ್ತಿದ್ರು.”

ನಾಲ್ಕು ಸಾಲು ಕೋಡನ್ನು ಚಿದಾನಂದ್ ತಾವೇ ಬರೆದರು. ಇಪ್ಪತ್ತು ವರ್ಷದ ಬಾಕಿ ಎಂದು ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಹದಿನೈದು ದಿನದ ಮೇಲೆ ಐದನೆಯ ಆವೃತ್ತಿಯ ಹಸಿಹಸಿ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಶ್ರೀಕರ್ ಮತ್ತು ಜಯಶೀಲಾ ಮಡಿವಾಳಕ್ಕೆ ಹೋದರು. ಕೈಲಾಸ್ ಅಂದಿನ ಫೋನಿನ ನಾಚಿಕೆಗೆ ಮೂರು ಸಲ ಟೀ ತರಿಸಿದರು. ನಾದಸ್ವರ ಊದಿತು. ಅದನ್ನು ತೆಗೆಯಲು ಕೈಲಾಸೇ ಬಿಟ್ಟಿರಲಿಲ್ಲ. ಅದು ಕೇಳಿಸಿದರೆ ತಾನೆ ಪಕ್ಕದ ಹೋಟೆಲಿನವನಿಗೆ ಪ್ರೆಸ್ಸು ತೆರೆದದ್ದು ಗೊತ್ತಾಗುವುದು?

ಶ್ರೀಮತಿ ಜಯಶೀಲಾ ಎಂದು ತುಂಬಿದರು. ಪಕ್ಕದ ಜಾಗ ಖಾಲಿ ಬಿಟ್ಟು ಎಂಟರ್ ಒತ್ತಿದರು. ‘ಶ್ರೀಮತಿ ಜಯಶೀಲಾ ಇವರು ಮಾಡುವ ವಿಜ್ಞಾಪನೆಗಳು.’ ಎಲ್ಲೂ ‘ಮತ್ತು’ ಇಲ್ಲ. ಜಯಶೀಲಾ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

ಅಷ್ಟರಲ್ಲಿ ಬಾಗಿಲಲ್ಲಿ ಆಟೊ ನಿಂತಿತು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನು ಬೈಯುತ್ತ ಜಯದೇವಪ್ಪ ಇಳಿದರು. ಇವತ್ತು ಕಾರ್ಡು ಅಂತಿಮವಾಗುತ್ತದೆಂದು ಯಾರೋ ಸುದ್ದಿ ಮುಟ್ಟಿಸಿದ್ದರು. ಕೈಯಲ್ಲಿ ಉದ್ದದ ಹಾಳೆ.

“ಬರೀ ನಲವತ್ತೊಂದು ಹೆಸರು. ಎಲ್ಲಾ ಹತ್ತಿರದವರೇ” ಎಂದು ಕೂತರು. ಪರದೆಯ ಕಡೆ ನೋಡಿದವರೇ ಹುಬ್ಬು ಗಂಟಿಕ್ಕಿದರು. “ಇದೇನಪ್ಪ? ಈ ಮೊದಲ ಸಾಲು ತೆಗಿ. ನಾನೂ ನಮ್ಮ ಮನೆಯವಳೂ ಇದೀವಿ, ನಮ್ಮ ಹೆಸರು ಹಾಕು.”

ಕೈಲಾಸ್ ಜಯಶೀಲಾ ಅವರ ಮುಖ ನೋಡಿದರು. ಹದಿನೆಂಟು ವರ್ಷದ ಋಣ ತೀರಿಸುವ ಗಳಿಗೆ ಬಂದಿತ್ತು. ಕೈ ಜೋಡಿಸಿ, ಅತಿ ವಿನಯದಿಂದ ಹೇಳಿದರು: “ಸಾರ್, ತಾಯಿ ಹೆಸರು ತುಂಬಿದ ಮೇಲೆ ಬೇರೆಯವರದ್ದು ಕಂಪ್ಯೂಟರ್ ತಗೋಳಲ್ಲ ಸಾರ್.”

“ತಗೋಳಲ್ವಾ?”

“ಹೊಸ ರೂಲು ಸಾರ್” ಎಂದು ಶ್ರೀಕರ್ ಕೂಡ ಗಂಭೀರವಾಗಿ ಸೇರಿಸಿದ.

ರೂಲು ಎಂಬ ಪದ ಕಿವಿಗೆ ಬಿದ್ದದ್ದೇ ನಿವೃತ್ತ ಸೂಪರಿಂಟೆಂಡೆಂಟರ ಬೆನ್ನು ತಾನಾಗಿ ನೆಟ್ಟಗಾಯಿತು. ಅವರು ನಿಟ್ಟುಸಿರಿಟ್ಟರು. “ಹಂಗಾದ್ರೆ ಏನ್ ಮಾಡೋಕಾಗುತ್ತೆ. ಕೇಳಿದವರಿಗೆ ಕಂಪ್ಯೂಟರ್ ತಗೊಳ್ಲಿಲ್ಲ ಅಂತ ನಾನೇ ಹೇಳ್ತೀನಿ ಬಿಡು. ಪಾಪ, ನಿಂದೇನು ತಪ್ಪು.”

ಎಲ್ಲ ಮುಗಿದೇ ಹೋಗಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಆ ‘ಪಾಪ’ ಜಯಶೀಲಾ ಅವರಿಗೆ ಮುಳ್ಳಿನ ಹಾಗೆ ಚುಚ್ಚಿತು. ಮಗಳ ಪತ್ರಿಕೆಯಲ್ಲಿ ತಮ್ಮ ಹೆಸರು ಒಂದೇ ಇರುವುದು ಯಂತ್ರದ ದೋಷವೆಂದು ಈ ಮನುಷ್ಯ ಗಿರಿನಗರದಲ್ಲೆಲ್ಲ ಹೇಳಿಕೊಂಡು ಬರುತ್ತಾರೆ. ಅದಕ್ಕೋಸ್ಕರವೇ ಇಷ್ಟೆಲ್ಲ ಒದ್ದಾಡಿದ್ದು?

“ತಗೊಳತ್ತೆ ಭಾವ” ಎಂದರು.

ಕೈಲಾಸ್ ಕಣ್ಣು ಮುಚ್ಚಿಕೊಂಡರು. ಶ್ರೀಕರ್ ಟೀ ಲೋಟದೊಳಕ್ಕೆ ನೋಡತೊಡಗಿದ.

“ಏನಂದೆ?”

“ಹೊಸದ್ರಲ್ಲಿ ಯಾರ ಹೆಸರು ಹಾಕಿದ್ರೂ ಕಂಪ್ಯೂಟರ್ ತಗೊಳತ್ತೆ. ನಿಮ್ದೂ ತಗೊಳತ್ತೆ, ನಿಮ್ಮ ತಮ್ಮಂದೂ ತಗೊಳತ್ತೆ. ನಾನು ತಗೋಳಲ್ಲ.”

ಜಯದೇವಪ್ಪ ತಮ್ಮ ಬದುಕಿನಲ್ಲಿ ಕೇಳದ ಭಾಷೆ ಕೇಳಿದವರ ಹಾಗೆ ಅವರನ್ನೇ ನೋಡಿದರು.

“ಜನ ಏನಂತಾರೆ ಜಯಶೀಲಾ?”

“ಏನಂತಾರೆ ಭಾವ? ಅದ್ರಲ್ಲಿರೋದನ್ನ ಓದ್ತಾರೆ. ಶ್ರೀಮತಿ ಜಯಶೀಲಾ ಇವರು ಮಾಡುವ ವಿಜ್ಞಾಪನೆಗಳು ಅಂತ. ಊಟಕ್ಕೆ ಬರ್ತಾರೆ. ನೀವೂ ಅಕ್ಕನೂ ಬನ್ನಿ. ಕೆಳಗಿನ ಪಟ್ಟಿಲಿ ಮೊದಲ ಹೆಸರು ನಿಮ್ದೇ.”

ಜಯದೇವಪ್ಪ ಪರದೆಯ ಮೊದಲ ಸಾಲನ್ನು ಇನ್ನೊಮ್ಮೆ ಓದಿದರು. ಬೈಯುತ್ತಾರೆ ಎಂದು ಎಲ್ಲರೂ ಕಾದರು. ಆದರೆ ಅವರು ಬೈಯಲಿಲ್ಲ. ತಮ್ಮನ ನೆನಪಾಯಿತೋ, ಮಿಕ್ಸಿಯ ನೆನಪಾಯಿತೋ, ಅಂತೂ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಸೋತ ಪಕ್ಷದವರು ಠೇವಣಿಯಾದರೂ ಉಳಿಯಲಿ ಎಂದು ಕೇಳುವ ಹಾಗೆ, ಕೈಯ ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲೆ ಹರಡಿದರು.

“ಸರಿ. ಈ ನಲವತ್ತೊಂದು ಹೆಸರಾದ್ರೂ ಹಾಕಮ್ಮ.”

ಜಯಶೀಲಾ, ಕೈಲಾಸ್, ಶ್ರೀಕರ್ ಮೂವರೂ ಒಟ್ಟಿಗೆ ಬಾಯಿ ತೆರೆದರು. ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಶ್ರೀಕರನ ದನಿ.

“ಅದು ಮಾತ್ರ ಕಂಪ್ಯೂಟರ್ ತಗೋಳಲ್ಲ ಸಾರ್!”